ಮೊದಲು ಕೈಯನ್ನು ನೋಡಿ: ವಿಕ್ಟೋರಿಯನ್ ಕವಿತೆಗಳಲ್ಲಿ ದೇಹ ಮತ್ತು ಆತ್ಮವನ್ನು ಓದುವ ಬಗೆ

“ದೇಹ ನಶ್ವರ, ಆತ್ಮ ಅಮರ ಎಂಬ ಸತ್ಯವನ್ನು ಕವಿ ಇಲ್ಲಿ ಪ್ರತಿಪಾದಿಸಿದ್ದಾನೆ” ಎಂಬ ವಾಕ್ಯವನ್ನು ಇಂಗ್ಲಿಷ್ ಸಾಹಿತ್ಯದ ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಟೆನಿಸನ್ನನಿಗೂ ಅದೇ ವಾಕ್ಯ, ಬ್ರೌನಿಂಗನಿಗೂ ಅದೇ ವಾಕ್ಯ. ಹಾಗೆ ಬರೆದವರು ಕವಿತೆಯನ್ನು ಓದಿಯೇ ಇರುತ್ತಾರೆ. ಆದರೆ ಓದುವ ಮೊದಲೇ ಉತ್ತರ ಅವರ ಕೈಯಲ್ಲಿತ್ತು. ಹಳೆಯ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವಂತೆ ದೇಹಿಯು ದೇಹವನ್ನು ಬದಲಿಸುತ್ತಾನೆಂಬ ಗೀತೆಯ ಮಾತು ಚಿಕ್ಕಂದಿನಿಂದ ಕಿವಿಯ ಮೇಲೆ ಬಿದ್ದಿರುವುದರಿಂದ, ‘ಸೋಲ್’ ಎಂಬ ಪದ ಕಂಡೊಡನೆ ನಾವು ಅದನ್ನು ‘ಆತ್ಮ’ ಎಂದು ಮನಸ್ಸಿನಲ್ಲೇ ಅನುವಾದಿಸಿ ಮುಂದಕ್ಕೆ ಹೋಗಿಬಿಡುತ್ತೇವೆ. ‘ಆತ್ಮ’ ಎಂಬುದಕ್ಕಿಂತ ಒಳ್ಳೆಯ ಪದ ನಮ್ಮಲ್ಲಿಲ್ಲ, ಅದನ್ನು ಬಳಸಲೇಬೇಕು. ಬಳಸುವಾಗ ಅದರ ಬೆನ್ನಿಗೆ ಬರುವ ವೇದಾಂತವನ್ನು ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಲ್ಲಿಸುವುದು ಈ ಓದಿನ ಮೊದಲ ಕೆಲಸ.

ಏಕೆಂದರೆ 1837ರಿಂದ 1901ರವರೆಗಿನ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಬರೆದ ಈ ಕವಿಗಳು, ನಂಬಿದವರಾಗಲಿ ಸಂಶಯಪಟ್ಟವರಾಗಲಿ, ಬೆಳೆದದ್ದು ಕ್ರೈಸ್ತ ಪ್ರಾರ್ಥನೆಗಳ ನಡುವೆ. ಆ ಪ್ರಾರ್ಥನೆಗಳಲ್ಲಿ ನಂಬಿಕೆಯ ಗುರಿ ದೇಹದಿಂದ ಬಿಡುಗಡೆಯಲ್ಲ, ದೇಹದ ಪುನರುತ್ಥಾನ. ಹೂಳಲ್ಪಟ್ಟ ಈ ದೇಹವೇ ಒಂದು ದಿನ ರೂಪಾಂತರಗೊಂಡು ಎದ್ದು ಬರುತ್ತದೆ. ಇಂಗ್ಲೆಂಡಿನಲ್ಲಿ ಕಾನೂನಿನ ಒಪ್ಪಿಗೆಯೊಂದಿಗೆ ವೋಕಿಂಗ್‌ನ ಚಿತಾಗಾರದಲ್ಲಿ ಮೊದಲ ದಹನ ನಡೆದದ್ದು 1885ರಲ್ಲಿ ಎಂಬುದನ್ನು ನೆನೆದರೆ, ಸಮಾಧಿಯೊಳಗಿನ ಮೂಳೆ ಆ ಓದುಗರಿಗೆ ಎಷ್ಟು ಹತ್ತಿರದ ವಸ್ತುವಾಗಿತ್ತೆಂಬುದು ತಿಳಿಯುತ್ತದೆ. ಇನ್ನೊಂದು ಎಚ್ಚರವೂ ಬೇಕು. ಇಂಗ್ಲಿಷಿನಲ್ಲಿ ‘ಬಾಡಿ’ ಬೇರೆ, ‘ಫ್ಲೆಶ್’ ಬೇರೆ. ಸಂತ ಪೌಲನ ಪತ್ರಗಳಲ್ಲಿ ದೇಹವು ಪವಿತ್ರಾತ್ಮನ ಆಲಯ. ‘ಫ್ಲೆಶ್’ ಮಾತ್ರ ಪಾಪದತ್ತ ವಾಲುವ ಸ್ವಭಾವ. ಕನ್ನಡ ಬೈಬಲಿನಲ್ಲಿ ಇದಕ್ಕೆ ‘ಶರೀರಭಾವ’ ಎಂಬ ಸೊಗಸಾದ ಪದವಿದೆ. ಕವಿ ಎರಡರಲ್ಲಿ ಯಾವುದನ್ನು ಬಳಸಿದ್ದಾನೆಂದು ಪ್ರತಿ ಸಲವೂ ನೋಡಿಕೊಳ್ಳಿ.

ಈಗ ಪೆನ್ಸಿಲ್ ಹಿಡಿದು ಕವಿತೆಗೆ ಬನ್ನಿ. ಆತ್ಮ, ಚೇತನ, ಅಮರತ್ವ ಮುಂತಾದ ದೊಡ್ಡ ಪದಗಳನ್ನು ಮೊದಲ ಓದಿನಲ್ಲಿ ಮುಟ್ಟಬೇಡಿ. ಕೈ, ಕೂದಲು, ಕಣ್ಣು, ಮೂಳೆ, ರಕ್ತ, ಉಸಿರು ಎಂಬಂಥ ಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಆಮೇಲೆ ಆ ಅಂಗ ಯಾವ ಕ್ರಿಯಾಪದದ ಜೊತೆಗಿದೆ ಎಂದು ನೋಡಿ. ಆತ್ಮದ ಬಗ್ಗೆ ಕವಿ ಏನು ನಂಬಿದ್ದನೆಂಬುದು ಅವನ ಘೋಷಣೆಗಳಿಗಿಂತ ಈ ಗೆರೆಗಳಲ್ಲೇ ಹೆಚ್ಚು ಸಿಗುತ್ತದೆಂಬುದು ನನ್ನ ಅನುಭವ.

ಟೆನಿಸನ್ನನ ‘ಇನ್ ಮೆಮೋರಿಯಮ್’ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಅವನ ಗೆಳೆಯ, ತಂಗಿಗೆ ನಿಶ್ಚಯವಾಗಿದ್ದ ವರ, ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ 22ನೆಯ ವಯಸ್ಸಿನಲ್ಲೇ ತೀರಿಕೊಂಡ. ಕಾವ್ಯ ಪ್ರಕಟವಾದದ್ದು 1850ರಲ್ಲಿ. ಏಳನೆಯ ಭಾಗದಲ್ಲಿ ನಿದ್ದೆ ಬಾರದ ಕವಿ ನಸುಕಿನಲ್ಲಿ ಗೆಳೆಯನ ಮನೆಯ ಮುಂದೆ ಕಳ್ಳನಂತೆ ಬಂದು ನಿಲ್ಲುತ್ತಾನೆ. ಒಂದು ಕಾಲದಲ್ಲಿ ಆ ಬಾಗಿಲ ಬಳಿ ಅವನ ಎದೆ ಒಂದು ಕೈಗಾಗಿ ಕಾದು ಬಡಿದುಕೊಳ್ಳುತ್ತಿತ್ತು. ಇನ್ನು ಆ ಕೈಯನ್ನು ಹಿಡಿಯಲಾಗದು. ಇಲ್ಲಿ ಆತ್ಮದ ಸುದ್ದಿಯೇ ಇಲ್ಲ. ಮಳೆ ಜಿನುಗುವ ಬೋಳು ಬೀದಿಯಲ್ಲಿ ಬರಿದಾದ ಹಗಲು ಒಡೆಯುತ್ತದೆ, ಅಷ್ಟೇ. ಈಗ ನೂರ ಹತ್ತೊಂಬತ್ತನೆಯ ಭಾಗಕ್ಕೆ ಪುಟ ತಿರುಗಿಸಿ. ಅದೇ ಬಾಗಿಲು, ಅದೇ ನಸುಕು. ಆದರೆ ಈ ಸಲ ಹಕ್ಕಿಯ ಚಿಲಿಪಿಲಿಯಿದೆ, ಹುಲ್ಲಿನ ವಾಸನೆಯಿದೆ, ಮತ್ತು ಕವಿ ನಿಟ್ಟುಸಿರನ್ನೂ ಬಹುತೇಕ ಬಿಡದೆ ಮನಸ್ಸಿನಲ್ಲೇ ಆ ಕೈಯ ಒತ್ತನ್ನು ಪಡೆಯುತ್ತಾನೆ. ಸಾಂತ್ವನ ಅವನಿಗೆ ತತ್ತ್ವವಾಗಿ ಬರಲಿಲ್ಲ, ಕೈಯ ಒತ್ತಾಗಿ ಬಂತು.

ಇವೆರಡರ ನಡುವೆ ತೊಂಬತ್ತೈದನೆಯ ಭಾಗವಿದೆ. ಬೇಸಿಗೆಯ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಕವಿ ಗೆಳೆಯನ ಹಳೆಯ ಕಾಗದಗಳನ್ನು ಓದುತ್ತಾನೆ. ಉದುರಿಯೂ ಹಸಿರು ಬಿಡದ ಎಲೆಗಳು ಎಂದು ಅವುಗಳನ್ನು ಕರೆಯುತ್ತಾನೆ. ಓದುತ್ತಿದ್ದಂತೆ ಸತ್ತವನು ಹಿಂದಿನ ಕಾಲದಿಂದ ತನ್ನನ್ನು ‘ಮುಟ್ಟಿದ’ ಎನ್ನುತ್ತಾನೆ. ಒಡನೆಯೇ ಜೀವಂತ ಆತ್ಮವೊಂದು ತನ್ನ ಆತ್ಮದ ಮೇಲೆ ಮಿಂಚಿತು ಎನ್ನುತ್ತಾನೆ. ಇಡೀ ಕಾವ್ಯದ ಅತ್ಯಂತ ಅಲೌಕಿಕ ಗಳಿಗೆಗೆ ಸಿಕ್ಕಿದ ಕ್ರಿಯಾಪದ ಮುಟ್ಟುವುದು. ಮೊದಲ ಮುದ್ರಣದಲ್ಲಿ ಅಲ್ಲಿ ‘ಅವನ’ ಜೀವಂತ ಆತ್ಮ ಎಂದಿತ್ತು. ಮುಂದೆ ಟೆನಿಸನ್ ‘ಅವನ’ ಎಂಬುದನ್ನು ತೆಗೆದು, ಯಾರದೆಂದು ಹೇಳದೆ ಬಿಟ್ಟ. ಗೆಳೆಯನ ಆತ್ಮವೋ, ಅದಕ್ಕಿಂತ ದೊಡ್ಡದೋ? ಒಂದು ಸರ್ವನಾಮ ಅಳಿಸಿಹೋದ ಜಾಗದಲ್ಲಿ ಎಷ್ಟು ಸಂಕೋಚ ಅಡಗಿದೆ ನೋಡಿ. ಪಾಠಾಂತರಗಳಿರುವ ಆವೃತ್ತಿಯನ್ನೇ ಬಳಸಿ ಎಂದು ನಾನು ಹಟ ಹಿಡಿಯುವುದು ಇಂಥವುಗಳಿಗಾಗಿ.

ಎರಡನೆಯ ಓದಿನಲ್ಲಿ, ಮಾತನಾಡುತ್ತಿರುವವರು ಯಾರು ಎಂದು ಕೇಳಿಕೊಳ್ಳಿ. ಬ್ರೌನಿಂಗನಲ್ಲಿ ಈ ಪ್ರಶ್ನೆಯನ್ನು ಮರೆತರೆ ಓದು ಪೂರ್ತಿ ಕೆಡುತ್ತದೆ. 1855ರ ‘ಫ್ರಾ ಲಿಪ್ಪೊ ಲಿಪ್ಪಿ’ಯಲ್ಲಿ ಆತ್ಮವನ್ನು ಚಿತ್ರಿಸು, ಕೈಕಾಲುಗಳ ಗೊಡವೆ ಬೇಡ ಎಂಬ ಮಾತು ಬರುತ್ತದೆ. ಅದು ಕವಿಯ ಮಾತಲ್ಲ, ಮಠದ ಹಿರಿಯನದು. ನಮಗೆ ಅದನ್ನು ತಲುಪಿಸುತ್ತಿರುವವನು ಅವನನ್ನು ಗೇಲಿ ಮಾಡುತ್ತಿರುವ ಸನ್ಯಾಸಿ ಚಿತ್ರಕಾರ. ಆ ಚಿತ್ರಕಾರನೋ ನಡುರಾತ್ರಿ ಫ್ಲಾರೆನ್ಸಿನ ಸಂದೇಹಾಸ್ಪದ ಓಣಿಯೊಂದರಲ್ಲಿ ಕಾವಲುಗಾರರ ಕೈಗೆ ಸಿಕ್ಕಿಬಿದ್ದವನು, ಆದ್ದರಿಂದ ದೇಹದ ಪರವಾಗಿ ಅವನು ಹೂಡುವ ವಾದದಲ್ಲಿ ತನ್ನ ಸಮರ್ಥನೆಯೂ ಸೇರಿದೆ. ಹಾಗೆಂದು ವಾದ ಹುಸಿಯೇನಲ್ಲ. ಅಂಜೂರದ ಸಿಪ್ಪೆ, ಕಲ್ಲಂಗಡಿಯ ಚೂರು ತಿಂದು ಬೀದಿಯಲ್ಲಿ ಬೆಳೆದ ಹುಡುಗನಾಗಿ, ಯಾರು ತುತ್ತು ಎಸೆಯುತ್ತಾರೆ, ಯಾರು ಒದೆಯುತ್ತಾರೆ ಎಂದು ಮುಖ ನೋಡಿಯೇ ತಿಳಿಯುವುದನ್ನು ಅವನು ಕಲಿತಿದ್ದ. ಮುಖದ ಮೂಲಕ ಒಳಗನ್ನು ಓದುವ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಹಸಿವು. ಈ ಸಾಲುಗಳನ್ನು ಬಿಟ್ಟು ‘ಬ್ರೌನಿಂಗ್ ದೇಹವಾದಿ’ ಎಂದು ಬರೆಯುವುದರಿಂದ ಏನೂ ಹೇಳಿದಂತಾಗುವುದಿಲ್ಲ.

ದಾಂತೆ ಗೇಬ್ರಿಯಲ್ ರೊಸೆಟ್ಟಿಯಲ್ಲಿ ಹೋಲಿಕೆಗಳನ್ನು ಗಮನಿಸಿ. 1850ರಲ್ಲಿ ಮೊದಲು ಅಚ್ಚಾದ ‘ದ ಬ್ಲೆಸೆಡ್ ಡ್ಯಾಮೊಜೆಲ್’ ಕವಿತೆಯಲ್ಲಿ ಸತ್ತ ಹುಡುಗಿ ಸ್ವರ್ಗದ ಚಿನ್ನದ ಕಟಕಟೆಗೆ ಒರಗಿ ಭೂಮಿಯಲ್ಲಿರುವ ಪ್ರಿಯನಿಗಾಗಿ ಕಾಯುತ್ತಾಳೆ. ದೇವರ ಬಳಿಗೆ ಏರುವ ಇತರ ಆತ್ಮಗಳು ಅವಳ ಪಕ್ಕದಲ್ಲಿ ತೆಳುವಾದ ಜ್ವಾಲೆಗಳಂತೆ ಹಾದುಹೋಗುತ್ತವೆ. ಅವಳೊಬ್ಬಳಿಗೆ ಮಾತ್ರ ತೂಕವಿದೆ, ಬಿಸುಪಿದೆ; ಅವಳ ಎದೆ ತಾಗಿ ಆ ಕಟಕಟೆಯೇ ಬೆಚ್ಚಗಾಗಿರಬೇಕು ಎನ್ನುತ್ತದೆ ಕವಿತೆ. ಆವರಣ ಚಿಹ್ನೆಯೊಳಗಿನ ಸಾಲುಗಳು ಭೂಮಿಯ ಮೇಲಿನ ಪ್ರಿಯನವು. ಅವಳ ಕೂದಲು ತನ್ನ ಮುಖದ ಮೇಲೆ ಬಿತ್ತೆಂದು ಅವನು ಅಂದುಕೊಳ್ಳುತ್ತಾನೆ, ನೋಡಿದರೆ ಉದುರಿದ ಎಲೆ. ಬೆಚ್ಚಗಿನ ಕಟಕಟೆ ಅವನ ಆಸೆಯೋ ಸ್ವರ್ಗದ ಸತ್ಯವೋ ಎಂಬುದನ್ನು ಕವಿತೆ ತೀರ್ಮಾನಿಸುವುದಿಲ್ಲ, ನೀವೂ ಅವಸರಪಡಬೇಡಿ. ಇಂಥ ಬಿಸುಪು ಎಲ್ಲರಿಗೂ ಹಿಡಿಸಲಿಲ್ಲ. 1871ರಲ್ಲಿ ರಾಬರ್ಟ್ ಬುಕಾನನ್ ಗುಪ್ತನಾಮದಲ್ಲಿ ಬರೆದು ರೊಸೆಟ್ಟಿ ಮತ್ತವನ ಬಳಗವನ್ನು ‘ಮಾಂಸಲ ಪಂಥ’ ಎಂದು ಜರೆದ. ಆ ಜಗಳವನ್ನು ತಿಳಿದಿರುವುದು ಒಳ್ಳೆಯದು, ಆದರೆ ಅದರಲ್ಲೇ ಮುಳುಗಬೇಡಿ. ಹೆಂಡತಿಯ ಶವಪೆಟ್ಟಿಗೆಯಲ್ಲಿ ರೊಸೆಟ್ಟಿ 1862ರಲ್ಲಿ ಇಟ್ಟ ತನ್ನ ಕವಿತೆಗಳ ಹಸ್ತಪ್ರತಿಯನ್ನು 1869ರಲ್ಲಿ ಅಗೆದು ತೆಗೆಸಿದ ಕಥೆಗೂ ಇದೇ ಮಾತು ಸಲ್ಲುತ್ತದೆ. ಆ ಕಥೆ ಕೇಳಿದವರು ಕವಿತೆ ಓದುವುದನ್ನೇ ನಿಲ್ಲಿಸಿಬಿಡುತ್ತಾರೆ.

ಕವಿ ಹಾಪ್ಕಿನ್ಸ್ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿ. 1877ರಲ್ಲಿ ಬರೆದ ‘ದ ಕೇಜ್ಡ್ ಸ್ಕೈಲಾರ್ಕ್’ನಲ್ಲಿ ಮನುಷ್ಯನ ಚೇತನ ‘ಮೂಳೆಮನೆ’ಯೊಳಗೆ ಪಂಜರದ ಬಾನಾಡಿಯಂತಿದೆ. ಮೊದಲ ಎಂಟು ಸಾಲಿಗೇ ನಿಲ್ಲಿಸಿದವರಿಗೆ ಪಂಜರದ ಗಿಳಿಯ ನಮ್ಮ ತತ್ತ್ವಪದಗಳು ನೆನಪಾಗಿ, ಅರ್ಥ ಸಿಕ್ಕಿತೆಂದು ಸಮಾಧಾನವಾಗುತ್ತದೆ. ಕೊನೆಯ ಮೂರು ಸಾಲು ಓದಿ. ಚೇತನ ತನ್ನ ಅತ್ಯುತ್ತಮ ಸ್ಥಿತಿಯಲ್ಲೂ ದೇಹದೊಂದಿಗೇ ಇರುತ್ತದೆ, ಭಾರವಿಲ್ಲದೆ ಇರುತ್ತದೆ. ಕಾಮನಬಿಲ್ಲು ಕಾಲೂರಿದರೆ ಹುಲ್ಲುಗಾವಲಿಗೆ ನೋವಾಗದಂತೆ, ಮತ್ತೆ ಎದ್ದು ಬಂದ ಮೂಳೆಗಳಿಂದ ಮನುಷ್ಯನಿಗೂ ನೋವಿಲ್ಲ. ಹಕ್ಕಿ ಹಾರಿಹೋಗುವುದಿಲ್ಲ, ಪಂಜರವೇ ಗೂಡಾಗುತ್ತದೆ. ಹದಿನಾಲ್ಕು ಸಾಲಿನ ಕವಿತೆಯಾದ ಸಾನೆಟ್ಟನ್ನು, ಎಂಟನೆಯ ಸಾಲಿನ ಬಳಿಕ ಬರುವ ಅದರ ತಿರುವಿನಾಚೆಗೂ ಓದಬೇಕೆಂಬ ಹಳೆಯ ಪಾಠ ಇಲ್ಲಿ ಬಹಳ ಮುಖ್ಯವಾಗುತ್ತದೆ. ಕ್ರಿಸ್ಟಿನಾ ರೊಸೆಟ್ಟಿಯ ‘ಗಾಬ್ಲಿನ್ ಮಾರ್ಕೆಟ್’ ಅನ್ನು ಇದರ ಜೊತೆಗಿಟ್ಟು ಓದಿದರೆ, ಒಬ್ಬ ಸೋದರಿ ಕೂದಲಿನ ಒಂದು ಸುರುಳಿಯನ್ನೇ ಬೆಲೆಯಾಗಿ ತೆತ್ತು ಗಾಬ್ಲಿನ್ ಎಂಬ ಕುಳ್ಳ ಭೂತಗಳಿಂದ ಹಣ್ಣು ಕೊಳ್ಳುವುದು, ಅದನ್ನು ತಿಂದು ಸೊರಗಿದ ಅವಳಿಗಾಗಿ ಇನ್ನೊಬ್ಬ ಸೋದರಿ ತನ್ನ ಮೈಮೇಲಿನ ಹಣ್ಣಿನ ರಸವನ್ನೇ ಮದ್ದಾಗಿ ತರುವುದು ಎರಡೂ ಹೊಸ ಬೆಳಕಿನಲ್ಲಿ ಕಾಣುತ್ತವೆ.

ಸ್ವಂತವಾಗಿ ಅಭ್ಯಾಸ ಮಾಡಬಯಸುವ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಥಾಮಸ್ ಹುಡ್ 1844ರಲ್ಲಿ ಬರೆದ ‘ದ ಬ್ರಿಡ್ಜ್ ಆಫ್ ಸೈಸ್’ ಕವಿತೆಯನ್ನು ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ‘ದುಃಖಸೇತು’ವಾಗಿ ಕನ್ನಡಿಸಿದ್ದಾರೆ. ನೀರಿಗೆ ಹಾರಿ ಸತ್ತ ಹೆಣ್ಣಿನ ದೇಹವನ್ನು ಮೆತ್ತಗೆ ಎತ್ತಿರಿ, ಅವಳ ತಪ್ಪನ್ನು ಕೆದಕಬೇಡಿರಿ, ಕೈಗಳನ್ನು ಎದೆಯ ಮೇಲೆ ಜೋಡಿಸಿರಿ ಎಂದು ಮೂಲ ಕವಿತೆ ಉದ್ದಕ್ಕೂ ಬೇಡಿಕೊಂಡು, ಕೊನೆಗೆ ಪಾಪದ ಲೆಕ್ಕವನ್ನು ರಕ್ಷಕನಿಗೆ, ಅಂದರೆ ಕ್ರಿಸ್ತನಿಗೆ, ಬಿಡುತ್ತದೆ. ಎರಡನ್ನೂ ಎದುರುಬದುರು ಇಟ್ಟುಕೊಂಡು ಅಂಗವಾಚಕಗಳಿಗೆಲ್ಲ ಗೆರೆ ಎಳೆಯಿರಿ, ಆಮೇಲೆ ಕೊನೆಯ ಸಾಲುಗಳ ಆ ‘ರಕ್ಷಕ’ ಕನ್ನಡದಲ್ಲಿ ಏನಾಗಿದ್ದಾನೆಂದು ಹುಡುಕಿರಿ.