ಅಭ್ಯಂಗದ ಮಂಚದ ಮೇಲೆ ಸಂಕೋಚ ಬೇಡ

ಆಯುರ್ವೇದ ಆಸ್ಪತ್ರೆಗೆ ಅಭ್ಯಂಗಕ್ಕೆಂದು, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವಿಸಿಕೊಳ್ಳಲೆಂದು ಬರುವವರಲ್ಲಿ ಅನೇಕರು ಮಂಚದ ಮೇಲೆ ಮಲಗಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಎಣ್ಣೆ ಚುರುಗುಟ್ಟಿದರೂ ಮಾತಿಲ್ಲ, ಒತ್ತು ಜಾಸ್ತಿಯಾದರೂ ಮಾತಿಲ್ಲ. ‘ಅವರಿಗೆ ಗೊತ್ತಿರುತ್ತೆ ಬಿಡಿ’ ಎಂಬ ಗೌರವವೇ ಇದಕ್ಕೆ ಕಾರಣ. ಬಿಗಿದ ಸ್ನಾಯು ಥೆರಪಿಸ್ಟ್ ಕೈಗೆ ಸಿಗುತ್ತದೆ, ನಿಜ. ಆದರೆ ನೋವು ಎಷ್ಟಿದೆ, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ನೀವು ಹೇಳಿದರಷ್ಟೇ ತಿಳಿಯುತ್ತದೆ.

ಮೊದಲು ಜಾಗ ನೋಡಿ

ಬಿಎಎಂಎಸ್ (ಆಯುರ್ವೇದ ಪದವಿ) ಓದಿದ ವೈದ್ಯರು ಪರೀಕ್ಷಿಸಿದ ಮೇಲೆಯೇ ಚಿಕಿತ್ಸೆ ಶುರುಮಾಡುವ ಕಡೆ ಹೋಗಿ. ಕರ್ನಾಟಕದ ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯೇ ನೋಡಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರೇ ಅಭ್ಯಂಗ ಮಾಡುವುದು ರೂಢಿ. ಯಾವ ಎಣ್ಣೆ, ಎಷ್ಟು ನಿಮಿಷ, ಹಬೆ ಸೇರಿದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಅಭ್ಯಂಗಕ್ಕೆ 45 ನಿಮಿಷ, ಹಬೆಗೆ 10ರಿಂದ 15 ನಿಮಿಷ ಹಿಡಿಯುತ್ತದೆ.

ವೈದ್ಯರ ಮುಂದಿನ ಹತ್ತು ನಿಮಿಷ

ಇಡೀ ಚಿಕಿತ್ಸೆಯ ಫಲ ಇಲ್ಲಿ ಅರ್ಧ ನಿರ್ಧಾರವಾಗುತ್ತದೆ. ‘ಬೆನ್ನು ನೋವು’ ಎಂದರೆ ಸಾಲದು, ಬೆರಳಿಟ್ಟು ತೋರಿಸಿ. ಬೆಳಗ್ಗೆ ಏಳುವಾಗ ಹೆಚ್ಚೋ, ಸಂಜೆ ಕುರ್ಚಿ ಬಿಟ್ಟೇಳುವಾಗಲೋ? ನೋವು ಸೊಂಟದಲ್ಲೇ ನಿಲ್ಲುತ್ತದೋ, ತೊಡೆಯ ಹಿಂದಿನಿಂದ ಪಾದದವರೆಗೆ ಇಳಿಯುತ್ತದೋ? ಕಾಲಿಗೆ ಇಳಿಯುವ ನೋವು ನರದ್ದಿರಬಹುದು, ಅಲ್ಲಿ ಬಲವಾಗಿ ಒತ್ತಿದರೆ ಕೆರಳುತ್ತದೆ.

ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಸ್ವಲ್ಪ ಒತ್ತಿದರೂ ಚರ್ಮ ನೀಲಿಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗದೆ ಬೊಬ್ಬೆ ಏಳಬಹುದು. ಹೃದ್ರೋಗವಿರುವವರು ಹಬೆಪೆಟ್ಟಿಗೆಯಲ್ಲಿ ಕೂರುವ ಮುನ್ನ ವೈದ್ಯರ ಒಪ್ಪಿಗೆ ಪಡೆಯಲೇಬೇಕು. ಗರ್ಭಿಣಿಯರೂ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರೂ ಕೇಳುವವರೆಗೆ ಕಾಯದೆ ತಾವಾಗಿ ತಿಳಿಸಬೇಕು.

ಜ್ವರ, ಅಜೀರ್ಣ, ಕಟ್ಟಿದ ಕಫ, ಚರ್ಮದ ಸೋಂಕು ಇದ್ದ ದಿನ ಅಭ್ಯಂಗ ಬೇಡ. ಅಜೀರ್ಣ ಮತ್ತು ಕಫದ ನಿಷೇಧವನ್ನಂತೂ ಆಯುರ್ವೇದದ ಪ್ರಾಚೀನ ಗ್ರಂಥಕಾರ ವಾಗ್ಭಟನೇ ಹೇಳಿದ್ದಾನೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಮುಟ್ಟಿಸಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತಾದೀತು. ಅಂಥವರು ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಎಣ್ಣೆಯ ಹೆಸರನ್ನೂ ಕೇಳಿ. ಕ್ಷೀರಬಲಾ ತೈಲಕ್ಕೆ ಹಾಲು ಬೀಳುತ್ತದೆ. ಕೊಟ್ಟಂಚುಕ್ಕಾದಿಯಲ್ಲಿ ಶುಂಠಿ, ಬೆಳ್ಳುಳ್ಳಿ, ಸಾಸಿವೆ ಇರುವುದರಿಂದ ಅದು ಉಷ್ಣ, ಕೆಲವರ ಚರ್ಮಕ್ಕೆ ಉರಿ ತರುತ್ತದೆ. ಇಂಥ ತೈಲಗಳಲ್ಲಿ ಹೆಚ್ಚಿನವುಗಳ ಮೂಲ ಎಳ್ಳೆಣ್ಣೆ. ಆದ್ದರಿಂದ ಎಳ್ಳು ಒಗ್ಗದವರು ಖಂಡಿತ ಹೇಳಬೇಕು. ಅನುಮಾನವಿದ್ದರೆ ಹಿಂದಿನ ದಿನವೇ ಮುಂಗೈಯ ಒಳಭಾಗಕ್ಕೆ ಎರಡು ಹನಿ ಹಚ್ಚಿಸಿಕೊಂಡು, ಮರುದಿನದವರೆಗೆ ತುರಿಕೆ ಏಳುತ್ತದೆಯೇ ನೋಡಿ.

ಹೋಗುವ ದಿನ

ಊಟವಾಗಿ ಎರಡು ಗಂಟೆ ಕಳೆದಿರಲಿ. ಹಾಗೆಂದು ಬೆಳಗ್ಗಿನಿಂದ ಉಪವಾಸವೂ ಬೇಡ, ಎದ್ದಾಗ ತಲೆ ಸುತ್ತುತ್ತದೆ. ವ್ಯಾಕ್ಸಿಂಗ್ ಅಥವಾ ಶೇವಿಂಗ್ ಮಾಡಿಕೊಂಡ ದಿನವೇ ಹೋದರೆ ಎಣ್ಣೆ ತಾಗಿ ಉರಿಯುತ್ತದೆ. ಒಡವೆ, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಎಣ್ಣೆಕಲೆ ಆದರೂ ಬೇಸರವಾಗದಂಥ ಹಳೆ ಬಟ್ಟೆ ಸಾಕು.

ಮಂಚದ ಮೇಲೆ

ಉಡಲು ಲಂಗೋಟಿ ಕೊಡುತ್ತಾರೆ. ಎಲ್ಲೆಲ್ಲಿ ಮುಟ್ಟಬಾರದು ಎಂಬುದನ್ನು ಆಗಲೇ ಹೇಳಿಬಿಡಿ. ಎಣ್ಣೆಯನ್ನು ನೇರ ಉರಿಗೆ ಇಡದೆ, ಬಿಸಿನೀರಿನ ಪಾತ್ರೆಯೊಳಗಿಟ್ಟು ಉಗುರುಬೆಚ್ಚಗೆ ಮಾಡಬೇಕು. ಮೈಮೇಲೆ ಸುರಿಯುವ ಮುನ್ನ ನಿಮ್ಮ ಮಣಿಕಟ್ಟಿಗೆ ಒಂದು ಹನಿ ಹಾಕಿಸಿಕೊಳ್ಳಿ.

ಮೊದಲು ಕೂರಿಸಿ ತಲೆ, ಕುತ್ತಿಗೆ, ಹೆಗಲು, ಆಮೇಲೆ ಅಂಗಾತ, ಮಗ್ಗುಲು, ಬೋರಲು ಹೀಗೆ ಸಾಗುತ್ತದೆ. ಕೈಕಾಲಿಗೆ ಉದ್ದಕ್ಕೆ, ಕೀಲುಗಳಿಗೆ ದುಂಡಗೆ, ಹೊಟ್ಟೆಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ಕೈಯಾಡಬೇಕು. ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ಬೋರಲು ಮಲಗಿದಾಗ ಕುತ್ತಿಗೆ ಒಂದೇ ಕಡೆಗೆ ತಿರುಗಿ ಹತ್ತು ನಿಮಿಷ ಕಳೆದರೆ ಹಿಡಿದುಕೊಳ್ಳುತ್ತದೆ. ನಡುವೆ ಪಕ್ಕ ಬದಲಿಸಿ, ಪಾದಗಂಟಿನ ಕೆಳಗೆ ಸುತ್ತಿದ ಟವೆಲ್ ಇಡಲು ಹೇಳಿ.

ಒತ್ತಡದ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ನೋವಾದಷ್ಟೂ ಗುಣ ಎಂಬುದು ಸುಳ್ಳು. ಸಹಿಸಲಾಗದಷ್ಟು ಒತ್ತಿದರೆ ಸ್ನಾಯು ಸಡಿಲವಾಗುವ ಬದಲು ಸೆಟೆದುಕೊಳ್ಳುತ್ತದೆ. ಹತ್ತಕ್ಕೆ ಐದಾರರಷ್ಟು, ‘ಹಾಂ, ಅದೇ ಜಾಗ’ ಅನ್ನಿಸುವ ಹಿತವಾದ ನೋವು ಸಾಕು. ನೀವು ಉಸಿರು ಬಿಗಿಹಿಡಿದಿದ್ದರೆ, ಮುಷ್ಟಿ ಕಟ್ಟಿದ್ದರೆ ಒತ್ತು ಮಿತಿಮೀರಿದೆ ಎಂದರ್ಥ. ‘ಸ್ವಲ್ಪ ಹಗುರ ಮಾಡಿ’ ಅನ್ನಿ, ಯಾರೂ ಬೇಸರಿಸುವುದಿಲ್ಲ. ಜೋಮು ಅಥವಾ ಕರೆಂಟ್ ಹೊಡೆದಂಥ ಸೆಳೆತ ಬಂದರೆ ತಕ್ಷಣ ನಿಲ್ಲಿಸಲು ಹೇಳಿ. ಕುತ್ತಿಗೆಯ ಮುಂಭಾಗ, ಕಂಕುಳು, ಮಂಡಿಯ ಹಿಂಭಾಗಗಳಲ್ಲಿ ನರ, ರಕ್ತನಾಳಗಳು ಮೇಲೆಯೇ ಇರುವುದರಿಂದ ಅಲ್ಲಿ ಬಲಪ್ರಯೋಗ ಕೂಡದು. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಲು ಹೊರಟರೆ ಬೇಡವೆನ್ನಿ. ಅದು ಅಭ್ಯಂಗದ ಭಾಗವೇ ಅಲ್ಲ.

ಎದ್ದ ಮೇಲೆ

ಮೊದಲು ಮಗ್ಗುಲಾಗಿ, ಕೈ ಊರಿ ಕೂತು, ಒಂದು ನಿಮಿಷ ಬಿಟ್ಟು ಇಳಿಯಿರಿ. ಸರ್ರನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಬಿಪಿ ಮಾತ್ರೆ ತಿನ್ನುವವರು ಇನ್ನೂ ಜಾಗ್ರತೆ. ಪಾದದಲ್ಲಿ ಎಣ್ಣೆ, ಕೆಳಗೆ ನುಣುಪು ಟೈಲ್ಸ್! ಅಂಗಾಲು ಒರೆಸಿಸಿಕೊಂಡೇ ಹೆಜ್ಜೆಯಿಡಿ.

ಹಬೆಪೆಟ್ಟಿಗೆಯಲ್ಲಿ ತಲೆ ಹೊರಗಿರುತ್ತದೆ. ಹಣೆಯಲ್ಲಿ ಬೆವರು ಮೂಡಿದರೆ ಸಾಕು, ಎದೆ ಡವಗುಟ್ಟಿದರೆ ಹೊರಬನ್ನಿ. ಬೆವರಿನಲ್ಲಿ ಹೋದ ನೀರಿಗೆ ಒಂದೆರಡು ಲೋಟ ನೀರು ಕುಡಿಯಿರಿ. ‘ವಿಷವೆಲ್ಲ ಹೊರಹೋಯಿತು’ ಎಂಬ ಮಾತಿಗೆ ಬೆಲೆ ಕೊಡಬೇಡಿ, ಆ ಕೆಲಸ ಯಕೃತ್ತು, ಮೂತ್ರಪಿಂಡಗಳದು. ಸ್ನಾನಕ್ಕೆ ಸೋಪಿಗಿಂತ ಹೆಸರುಹಿಟ್ಟು ಮೇಲು. ಜಿಡ್ಡು ಹೋಗುತ್ತದೆ, ಚರ್ಮ ಒಣಗುವುದಿಲ್ಲ. ತಲೆಗೆ ಎಣ್ಣೆ ಹಾಕಿಸಿಕೊಂಡಿದ್ದರೆ ಸೀಗೆಪುಡಿ ಬಳಸಿ, ಚೆನ್ನಾಗಿ ಒರೆಸಿಕೊಂಡು ನೆತ್ತಿಗೆ ಚಿಟಿಕೆ ರಾಸ್ನಾದಿ ಚೂರ್ಣ ಉಜ್ಜುವುದು ವಾಡಿಕೆ.

ಅಂದು ಜಿಮ್, ದೂರದ ಬೈಕ್ ಸವಾರಿ ಬಿಡಿ. ಒಂದೆರಡು ದಿನ ಮೈ ನೊಂದಂತಿರುವುದು ಸಹಜ. ಮೂರನೆಯ ದಿನವೂ ನೋವು ಏರುತ್ತಿದ್ದರೆ, ಜೋಮು ಉಳಿದರೆ, ದದ್ದು ಎದ್ದರೆ ವೈದ್ಯರಿಗೆ ತೋರಿಸಿ.

ಎಣ್ಣೆಯಾದ ಬಟ್ಟೆ, ಟವೆಲ್‌ಗಳನ್ನು ಮುದ್ದೆಮಾಡಿ ಮೂಲೆಗೆಸೆಯಬೇಡಿ. ಎಳ್ಳೆಣ್ಣೆ ಹೀರಿದ ಬಟ್ಟೆ ರಾಶಿಯಲ್ಲಿ ಗಾಳಿಯೊಡನೆ ಸೇರಿ ತಾನಾಗಿ ಬಿಸಿಯೇರಬಲ್ಲದು, ಡ್ರೈಯರಿಗೆ ಹಾಕಿದರೆ ಬೆಂಕಿ ಹತ್ತುವ ಅಪಾಯವೂ ಇದೆ. ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ನೆನೆಸಿ, ಒಗೆದು, ಹಗ್ಗದ ಮೇಲೆ ಹರವಿ.