ಚರಂಡಿ ಕೇಸಿಗೆ ಕೃಷ್ಣ ಅಯ್ಯರ್ ಒದಗಿದ್ದು

"ಮೋರಿ ಕೇಸಿಗೂ ಸುಪ್ರೀಂ ಕೋರ್ಟ್ ತೀರ್ಪು ಹೊತ್ಕೊಂಡ್ ಹೋಯ್ತಿಯಲ್ಲೋ" ಅಂತ ಮಂಡ್ಯದ ಬಾರ್ ರೂಮಿನಲ್ಲಿ ಸೀನಿಯರ್‌ಗಳು ನಕ್ಕಿದ್ದರು. ಈಗ ಅವರ ಜೂನಿಯರ್‌ಗಳೇ ನನ್ನ ಅರ್ಜಿಯ ಜೆರಾಕ್ಸ್ ಕೇಳಿಕೊಂಡು ಬರುತ್ತಾರೆ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 133, ಅದರ ಬದಲು ಬಂದಿರುವ ಈಗಿನ ಬಿಎನ್‌ಎಸ್‌ಎಸ್ 152: ಊರಿಗೆಲ್ಲ ತೊಂದರೆ ಕೊಡುವ ಇಂಥ ಚರಂಡಿ ಸರಿಪಡಿಸಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದಾದ ಕಲಮು ಇದು. ಮೊದಲ ಅರ್ಜಿಯಲ್ಲಿ ನಾನು ಮುಗ್ಗರಿಸಿದ್ದು ಅರ್ಜಿದಾರರ ವಿಚಾರದಲ್ಲಿ. ನಾಲ್ವರೂ ಒಂದೇ ಮನೆಯವರು! ಇದು ಸಾರ್ವಜನಿಕ ತೊಂದರೆಯಲ್ಲ, ಅಕ್ಕಪಕ್ಕದವರ ಜಗಳ ಅಂತ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ವಜಾ ಆಯಿತು. ಟೈಪಿಂಗು, ಫೋಟೊ, ಓಡಾಟ ಸೇರಿ ಮೂರು ಸಾವಿರದ ಹತ್ತಿರ ನನ್ನ ಜೇಬಿನಿಂದಲೇ ಹೋಯಿತು. ಕಕ್ಷಿದಾರ ಫೀಸಿಗೆ ಬದಲು ಐದು ಕೆಜಿ ಅಚ್ಚುಬೆಲ್ಲ ಕೊಟ್ಟ. ಬೆಲ್ಲ ಮಾತ್ರ ಚೆನ್ನಾಗಿತ್ತು.

ಎರಡನೇ ಸಲ ಬೀದಿಯೆಲ್ಲ ಸುತ್ತಿ ಮೂವತ್ತು ಚಿಲ್ಲರೆ ಸಹಿ ಮಾಡಿಸಿದೆ. ಚರಂಡಿ ನೀರನ್ನು ಬಾಟಲಿಯಲ್ಲಿ ತುಂಬಿ ಹಾಜರುಪಡಿಸಲು ಹೋಗಿ ಗುಮಾಸ್ತರಿಂದ ಬೈಸಿಕೊಂಡೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಗೆ ಚರಂಡಿ ಕಟ್ಟಿಸಲು ಹೇಳಿದ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ 1980ರ ಸುಪ್ರೀಂ ಕೋರ್ಟ್ ತೀರ್ಪನ್ನು ಪೂರ್ತಿ ಕನ್ನಡಕ್ಕೆ ತರಲೂ ಕೂತೆ; ಅಯ್ಯರ್ ಅವರ ಇಂಗ್ಲಿಷಿಗೆ ನಿಘಂಟು ಪಕ್ಕದಲ್ಲೇ ಬೇಕು. ಎರಡು ವಾರಕ್ಕೆ ನಾಲ್ಕೇ ಪುಟ ಆಯಿತು, ಬಿಟ್ಟೆ. ಒಂದು ಪುಟದ ಸಾರಾಂಶ ಸಾಕಾಯಿತು.

ಅನುದಾನವಿಲ್ಲ ಅಂತ ಎದುರು ಪಕ್ಷದ ಹಳೇ ಪಲ್ಲವಿ. ಪುರಸಭೆಗೆ ದುಡ್ಡಿಲ್ಲ ಅನ್ನುವ ನೆಪ ನಡೆಯದು ಅಂತ ರತ್ಲಾಂನಲ್ಲಿ ಆಗಲೇ ಹೇಳಿಯಾಗಿದೆ ಅಂದೆ. "ಜಡ್ಜುಗಳಿಗೆ ಬಜೆಟ್ಟಿನ ಕಷ್ಟ ಏನು ಗೊತ್ತು?" ಅಂದರು ಎದುರು ವಕೀಲರು. ನಾನು ಕಾದಿದ್ದೇ ಆ ಮಾತಿಗೆ. ತೀರ್ಪು ಬರೆದವರು 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಹೋದವರು, 1957ರಲ್ಲಿ ತಲಶ್ಶೇರಿಯಿಂದ ಗೆದ್ದು ಕೇರಳದ ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಸಂಪುಟದಲ್ಲಿ ಕಾನೂನು, ನೀರಾವರಿ, ವಿದ್ಯುತ್ ನೋಡಿಕೊಂಡವರು, 1959ರಲ್ಲಿ ಸರ್ಕಾರವೇ ವಜಾ ಆದದ್ದನ್ನು ಕಂಡವರು. ನ್ಯಾಯಮೂರ್ತಿಯಾಗಿ ಕೇರಳ ಹೈಕೋರ್ಟಿಗೆ ಬಂದದ್ದು 1968ರಲ್ಲಿ, ಸುಪ್ರೀಂ ಕೋರ್ಟಿಗೆ 1973ರಲ್ಲಿ. ಕಡತ ಎಲ್ಲಿ ಮಲಗುತ್ತದೆ ಅಂತ ಅವರಿಗೆ ನಾವು ಹೇಳಿಕೊಡಬೇಕೆ?

ಜೀವನಚರಿತ್ರೆ ಕಾನೂನಲ್ಲ, ಒಪ್ಪುತ್ತೇನೆ. ಆದರೆ ಎಸಿ ಸಾಹೇಬರೂ ಆಡಳಿತದವರೇ. ಪೆನ್ನು ಕೆಳಗಿಟ್ಟು ಕೇಳಿದರು. ಚುನಾವಣೆ ಅಸಿಂಧುವಾದ ಇಂದಿರಾ ಗಾಂಧಿಯವರಿಗೆ 1975ರಲ್ಲಿ ಅಯ್ಯರ್ ಕೊಟ್ಟ ಷರತ್ತಿನ ತಡೆಯಾಜ್ಞೆ ಊರಿಗೆಲ್ಲ ನೆನಪಿದೆ, ನನಗೆ ಮಾತ್ರ ಈ ಚರಂಡಿಯೇ ದೊಡ್ಡದು.

ಸುಮಾರು ಹನ್ನೊಂದು ವಾಯಿದೆ, ಒಟ್ಟು ಖರ್ಚು ಏಳೆಂಟು ಸಾವಿರ. ಮಾಹಿತಿ ಹಕ್ಕಿನಲ್ಲಿ ಮೊದಲು ತೆಗೆಸಿದ ಕಾಗದ ಯಾವುದು ಅಂತ ಮಾತ್ರ ಹೇಳಲಾರೆ, ಎದುರು ವಕೀಲರೂ ಇದನ್ನು ಓದುತ್ತಾರೆ. ಕೊನೆಗೆ ಆದೇಶ ನಮ್ಮ ಕಡೆ ಆಯಿತು; ಆರು ತಿಂಗಳ ಗಡುವಿನ ಕೆಲಸ ಹತ್ತು ತಿಂಗಳಿಗೆ ಮುಗಿಯಿತು. ಬೀದಿಯ ಕೊನೆಯ ಎಂಟು ಮಾರು ಮಾತ್ರ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ. ಅದಕ್ಕೆ 152ರಲ್ಲಿ ಹೊಸ ಅರ್ಜಿ ಟೈಪಾಗುತ್ತಿದೆ.