ಮ್ಯಾಕ್‌ಬೆತ್ ಓದುವುದು, ಹತ್ತೊಂಬತ್ತನೇ ಗೇಟಿನ ಬಗ್ಗೆ ಬರೆಯುವುದು

ಬಿ.ಎ. ಓದುವಾಗ ಇಂಗ್ಲಿಷ್ ನಾಟಕದ ಪೇಪರಿನಲ್ಲಿ ನಾನು ಫೇಲಾದೆ. ಕಾರಣ ಕೇಳಿದರೆ ನಗ್ತೀರಿ. ಗೈಡ್ ನೋಡಿ ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಮೇಲಿನ ಒಂದು ಉತ್ತರ ಬಾಯಿಪಾಠ ಮಾಡಿದ್ದೆ. ಬಂದದ್ದು ಅವನದೇ ಮ್ಯಾಕ್‌ಬೆತ್. ಹೆಸರು ಬದಲಿಸಿ ಅದನ್ನೇ ಇಳಿಸಿ ಬಂದೆ: 'ನಾಯಕ ಮಾಡಬೇಕಾದ ಕೆಲಸವನ್ನು ಮುಂದೂಡುತ್ತಲೇ ಇರುತ್ತಾನೆ, ಅದೇ ಅವನ ದುರಂತ.' ಎರಡನೇ ಅಂಕ ಅರ್ಧ ಆಗುವಷ್ಟರಲ್ಲಿ ರಾಜನನ್ನು ಕೊಂದು ಮುಗಿಸುವ ಮನುಷ್ಯನ ಬಗ್ಗೆ!

ಈಗ ಗಂಗಾವತಿಯಲ್ಲಿ ಒಂದು ಕಿರಾಣಿ ಅಂಗಡಿಯ ಮಹಡಿ ಮೇಲೆ ಸಂಜೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಕನ್ನಡ ಮೀಡಿಯಂನಿಂದ ಬಂದವರೇ ಜಾಸ್ತಿ. ಅವರಿಗೆ ನಾನು ಮೊದಲ ದಿನ ಹೇಳುವುದು, ಕಥೆಯನ್ನು ಕನ್ನಡದಲ್ಲಿ ಓದಿಬಿಡಿ. ನಾಚಿಕೆ ಬೇಡ. ಕೊನೆ ಗೊತ್ತಾದರೆ ಮಜಾ ಹೋಗುತ್ತೆ ಅನ್ನುವವರಿಗೆ ನಮ್ಮೂರ ದೊಡ್ಡಾಟ ನೆನಪಿಸುತ್ತೇನೆ. ದುರ್ಯೋಧನ ಸಾಯ್ತಾನೆ ಅಂತ ಕಟ್ಟೆ ಮೇಲೆ ಕೂತ ಅಜ್ಜಿಗೂ ಗೊತ್ತು. ಆದರೂ ಕಂಬಳಿ ಹೊದ್ದು ಬೆಳಗಿನ ತನಕ ಕೂತಿರುತ್ತಾಳೆ. ಅವನು ಆ ಸಾವಿಗೆ ಹೇಗೆ ನಡೆದು ಹೋಗ್ತಾನೆ ಅಂತ ನೋಡಬೇಕು ಅವಳಿಗೆ.

ಆಮೇಲೆ ಮೂಲಕ್ಕೆ ಬನ್ನಿ. ಯಾವ ಮಾತು ಬಂದರೂ ಮೂರು ಪ್ರಶ್ನೆ ಕೇಳಿ. ಯಾರು ಹೇಳ್ತಾ ಇದ್ದಾರೆ? ಯಾರಿಗೆ? ಈಗಲೇ ಯಾಕೆ?

ಮೊದಲನೇ ಅಂಕದ ಏಳನೇ ದೃಶ್ಯ ತಗೊಳ್ಳಿ. ಎಂಬತ್ತು ಚಿಲ್ಲರೆ ಸಾಲು ಅಷ್ಟೆ. ಇಡೀ ನಾಟಕ ಓದಲು ಟೈಮಿಲ್ಲ ಅನ್ನುವವರಿಗೂ ಇದೊಂದನ್ನು ನಾನು ಬಿಡುವುದಿಲ್ಲ. ಒಳಗೆ ರಾಜ ಡಂಕನ್‌ಗೆ ಊಟ ನಡೀತಾ ಇದೆ. ಪಟ್ಟಕ್ಕಾಗಿ ಅವನನ್ನು ಕೊಲ್ಲಲು ಹೊರಟ ಮ್ಯಾಕ್‌ಬೆತ್ ಎದ್ದು ಹೊರಗೆ ಬಂದಿದ್ದಾನೆ, ಒಬ್ಬನೇ. ಇವನು ನನ್ನ ಸಂಬಂಧಿಕ, ನನ್ನ ರಾಜ, ಇವತ್ತು ನನ್ನ ಮನೆಗೆ ಬಂದ ಅತಿಥಿ. ಕೊಲ್ಲಲು ಬಂದವನ ಎದುರು ಬಾಗಿಲು ಹಾಕಬೇಕಾದವನು ನಾನು, ನಾನೇ ಚಾಕು ಹಿಡಿಯೋದಾ? ಹೀಗೆ ತನ್ನ ಜೊತೆ ತಾನೇ ವಾದ ಮಾಡುತ್ತಾನೆ. ಅಷ್ಟರಲ್ಲಿ ಹೆಂಡತಿ ಬರುತ್ತಾಳೆ. 'ಈ ಕೆಲಸ ಇಲ್ಲಿಗೆ ಸಾಕು' ಅನ್ನುತ್ತಾನೆ. ಯಾಕೆ ಸಾಕು? ಅವಳಿಗೆ ಕೊಡುವ ಕಾರಣ ಬೇರೆ. ರಾಜ ಈಗಷ್ಟೇ ಮರ್ಯಾದೆ ಮಾಡಿದ್ದಾನೆ, ಜನರಲ್ಲಿ ಒಳ್ಳೆ ಹೆಸರು ಬಂದಿದೆ, ಅದನ್ನು ಕಳೆದುಕೊಳ್ಳುವುದು ಬೇಡ ಅಂತ. ಅತಿಥಿ, ಪಾಪ, ಯಾವುದೂ ಆ ಮಾತಿನಲ್ಲಿಲ್ಲ. ಒಬ್ಬನೇ ಇದ್ದಾಗ ಹೇಳಿಕೊಂಡ ದೊಡ್ಡ ಕಾರಣಗಳನ್ನು ಅವಳ ಮುಂದೆ ಹೇಳಲು ಅವನಿಗೆ ಬಾಯಿಯೇ ಬರುವುದಿಲ್ಲ. ಅವಳು ಹೇಡಿ ಅನ್ನುತ್ತಾಳೆ, ಗಂಡಸುತನ ಕೆಣಕುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಪ್ರಶ್ನೆಯೇ ಬದಲಾಗಿರುತ್ತೆ: 'ಅಕಸ್ಮಾತ್ ಸೋತರೆ?' ಮಾಡಬಹುದಾ ಬೇಡವಾ ಅನ್ನುವುದು ಹೋಗಿ, ಆಗುತ್ತಾ ಇಲ್ಲವಾ ಅನ್ನುವುದು ಬಂತು. ಅವನು ಜಾರಿದ್ದು ಅಲ್ಲೇ.

ಗೈಡುಗಳಲ್ಲಿ ನಾಯಕನ 'ದೋಷ' ಅಂತ ಒಂದು ಪದ ಕೊಟ್ಟಿರುತ್ತಾರೆ, ಮಹತ್ವಾಕಾಂಕ್ಷೆ ಅಂತ ಬರೆದು ಮುಂದೆ ಹೋಗ್ತೀವಿ. ದುರಂತ ನಾಟಕದ ಬಗ್ಗೆ ಬರೆದ ಗ್ರೀಕ್ ಪಂಡಿತ ಅರಿಸ್ಟಾಟಲ್ ಬಳಸಿದ ಪದ ಹಮಾರ್ಟಿಯಾ. ಗುರಿ ತಪ್ಪುವುದು ಅಂತ ಅದರ ಮೂಲ ಅರ್ಥ. ಎಲ್ಲಿ ತಪ್ಪಿತು ಅಂತ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಉತ್ತರಕ್ಕೆ ತೂಕ ಬರುತ್ತೆ.

ಓದುವಾಗ ಗಟ್ಟಿಯಾಗಿ ಓದಿ, ತೊಡೆ ಮೇಲೆ ತಾಳ ಹಾಕಿ. ದೊಡ್ಡ ಮನೆತನದ ಪಾತ್ರಗಳ ಮಾತು ಸಾಮಾನ್ಯವಾಗಿ ಸಾಲಿಗೆ ಹತ್ತು ಉಚ್ಚಾರ (ಸಿಲಬಲ್), ಐದು ಪೆಟ್ಟು. ನಾಟಕದಲ್ಲಿ ಬರುವ ಮಾಟಗಾತಿಯರ ಸಾಲು ಗಿಡ್ಡ, ನಾಲ್ಕೇ ಪೆಟ್ಟು, ಮೊದಲ ಉಚ್ಚಾರಕ್ಕೇ ಬೀಳುತ್ತೆ. ಕೊನೆಯ ಅಂಕದಲ್ಲಿ ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್‌ಗೆ ತಾಳವೇ ಇಲ್ಲ, ಬರೀ ಗದ್ಯ. ದೊಡ್ಡಾಟದಲ್ಲಿ ಹಾಡು ನಿಂತು ಮಾತು ಶುರುವಾದರೆ ಕಿವಿ ನೆಟ್ಟಗಾಗುತ್ತಲ್ಲ, ಹಾಗೆ ಇಲ್ಲೂ ಆಗಬೇಕು. ಮನಸ್ಸು ಒಡೆದಿದೆ ಅಂತ ಹೇಳುವುದು ಆ ಗದ್ಯ.

ಉದ್ಧರಣೆ ಐವತ್ತು ಬೇಡ. ಹತ್ತು ಹನ್ನೆರಡು ಸಾಕು, ಜೋಡಿಯಾಗಿ ಇಟ್ಟುಕೊಳ್ಳಿ. ಕೊಲೆಯ ರಾತ್ರಿ ಕೈಗೆ ರಕ್ತ ಹತ್ತಿದಾಗ ಲೇಡಿ ಮ್ಯಾಕ್‌ಬೆತ್ 'ಸ್ವಲ್ಪ ನೀರು ಹಾಕಿದರೆ ತೊಳೆದು ಹೋಗುತ್ತೆ' ಅನ್ನುತ್ತಾಳೆ. ಐದನೇ ಅಂಕದಲ್ಲಿ ಅದೇ ಕೈ ಉಜ್ಜಿ ಉಜ್ಜಿ ಸಾಕಾಗಿದ್ದಾಳೆ. ಈ ಎರಡು ಸಾಲು ಅಕ್ಕಪಕ್ಕ ಇಟ್ಟರೆ ಒಂದು ಪ್ಯಾರಾ ತಾನಾಗಿ ಹುಟ್ಟುತ್ತೆ.

ಇತಿಹಾಸ ಚೂರೇ ಸಾಕು. ನಾಟಕ ಸುಮಾರು 1606ರದ್ದು. ಸ್ಕಾಟ್ಲೆಂಡಿನ ರಾಜ ಜೇಮ್ಸ್ 1603ರಲ್ಲಿ ಇಂಗ್ಲೆಂಡಿಗೂ ರಾಜನಾದ. 1605ರಲ್ಲಿ ಅವನನ್ನು ಪಾರ್ಲಿಮೆಂಟ್ ಸಮೇತ ಸಿಡಿಮದ್ದಿನಿಂದ ಉಡಾಯಿಸುವ ಸಂಚು ಸಿಕ್ಕಿಬಿತ್ತು. ಮರುವರ್ಷ ನಾಟಕದಲ್ಲಿ ಸ್ಕಾಟ್ ರಾಜನ ಕೊಲೆ! ನೋಡುವವರ ಎದೆ ಹೇಗೆ ಬಡಿದುಕೊಂಡಿರಬೇಕು ಅಂತ ಒಂದು ವಾಕ್ಯ ಬರೆಯಿರಿ, ಮತ್ತೆ ನಾಟಕಕ್ಕೆ ವಾಪಸ್ ಬನ್ನಿ.

ಇನ್ನು ಇಂಗ್ಲಿಷ್ ಬರವಣಿಗೆ. ಪತ್ರ, ಲೇಖನ, ಭಾಷಣ. ನಾಟಕಕ್ಕೆ ಕೇಳಿದ ಮೂರು ಪ್ರಶ್ನೆಯನ್ನೇ ಇಲ್ಲಿ ನಿಮಗೆ ನೀವು ಕೇಳಿಕೊಳ್ಳಿ.

ಆಗಸ್ಟ್ 10, 2024ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. 33 ಗೇಟುಗಳಲ್ಲಿ ಒಂದು. ಬದಲಿಗೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆಗೇಟು, ಕೂಡಿಸುವವರೆಗೆ, ಸುಮಾರು ಒಂದು ವಾರ, ನೀರು ನದಿಗೆ ಹರಿಯುತ್ತಲೇ ಇತ್ತು. ನಮ್ಮ ಕಡೆ ಎಡದಂಡೆ ಕಾಲುವೆ ಅಂದರೆ ಭತ್ತ, ಭತ್ತ ಅಂದರೆ ಊಟ. ಆ ವಾರ ಟ್ಯೂಷನ್ನಿನಲ್ಲಿ ಯಾರಿಗೂ ಷೇಕ್ಸ್‌ಪಿಯರ್ ಬೇಕಿರಲಿಲ್ಲ. ಸರಿ, ಅದನ್ನೇ ಬರೆಯಿರಿ ಅಂದೆ.

ಮೊದಲು ಬಂದ ಹಾಳೆಗಳೆಲ್ಲ ಒಂದೇ ಥರ ಶುರು: ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ. ಯಾರಿಗೆ ಹೇಳ್ತಾ ಇದ್ದೀಯಮ್ಮಾ ಅಂತ ಒಬ್ಬ ಹುಡುಗಿಯನ್ನು ಕೇಳಿದೆ. ಸುಮ್ನೆ ನಿಂತಳು. ಮೂರು ಸಲ ಬರೆಸಿದೆ. ಎಂಜಿನಿಯರಿಗೆ ಪತ್ರ: ಅಲ್ಲಿ ತಾರೀಖು, ಎಷ್ಟು ಎಕರೆ, ಏನು ಬೇಕು, ಅಷ್ಟೇ. ಕಾಲೇಜು ಪತ್ರಿಕೆಗೆ ಲೇಖನ: ಅದನ್ನು ಅವಳು ಅಪ್ಪನಿಂದ ಶುರು ಮಾಡಿದಳು. ಸುದ್ದಿ ಕೇಳಿದ ಬೆಳಿಗ್ಗೆ ಅಪ್ಪ ಚಹಾ ಆರುವವರೆಗೂ ಮುಟ್ಟದೆ ಗದ್ದೆ ನೋಡ್ತಾ ಕೂತಿದ್ದರಂತೆ. ಗ್ರಾಮಸಭೆಗೆ ಭಾಷಣ: ಸಣ್ಣ ವಾಕ್ಯ, ಒಂದೇ ಮಾತು ಮೂರು ಸಲ, ಎದುರಿಗೆ ಕೂತವರಿಗೆ ಒಂದು ಪ್ರಶ್ನೆ. ವಿಷಯ ಒಂದೇ, ಇಂಗ್ಲಿಷ್ ಮೂರು ಥರ. ಆ ಆರಿದ ಚಹಾದ ಮುಂದೆ ಜೀವಜಲದ ಮಾತು ಏನೂ ಅಲ್ಲ.

ನೀವೂ ವಾರಕ್ಕೊಂದು ಹೀಗೆ ಮಾಡಿ. ವಿಷಯ ನಿಮ್ಮ ಓಣಿಯದ್ದೇ ಇರಲಿ. ಗಡಿಯಾರ ಇಟ್ಟುಕೊಂಡು 45 ನಿಮಿಷ: ಐದು ಯೋಚಿಸಲು, ಮೂವತ್ತೈದು ಬರೆಯಲು, ಐದು ತಿದ್ದಲು. ಎಲ್ಲರೂ ನುಂಗುವುದು ಆ ಕೊನೆಯ ಐದನ್ನೇ. ತಿದ್ದುವಾಗ ನಮ್ಮ ಕನ್ನಡದ ತಪ್ಪುಗಳನ್ನೇ ಮೊದಲು ಹಿಡಿಯಿರಿ. 'ಮೆಲ್ಲಗೆ ಮೆಲ್ಲಗೆ' ಅನ್ನುವುದು 'ಸ್ಲೋಲಿ ಸ್ಲೋಲಿ' ಆಗಿರುತ್ತೆ. 'ನಿನ್ನೇನೇ ಬಂದೆ' ಅನ್ನುವುದು 'ಯೆಸ್ಟರ್ಡೇ ಓನ್ಲಿ ಐ ಕೇಮ್' ಆಗಿರುತ್ತೆ. 'ಎ' ಮತ್ತು 'ದ' ನಮ್ಮ ಭಾಷೆಯಲ್ಲಿ ಇಲ್ಲ, ಹಾಗಾಗಿ ಬಿಟ್ಟುಹೋಗಿರುತ್ತೆ. ಪ್ರತಿ ನಾಮಪದಕ್ಕೆ ಮೊದಲು ಒಮ್ಮೆ ಪೆನ್ನು ನಿಲ್ಲಿಸಿ ನೋಡಿ. ಆಮೇಲೆ 'ಹೀ' 'ಶೀ' ಬಂದ ಕಡೆಯೆಲ್ಲ ಕ್ರಿಯಾಪದಕ್ಕೆ 'ಎಸ್' ಹತ್ತಿದೆಯಾ ನೋಡಿ. ನಾನು ಈಗಲೂ ಅದನ್ನು ಮರೆಯುತ್ತೇನೆ, ಹುಡುಗರೇ ಹಿಡಿದು ತೋರಿಸುತ್ತಾರೆ.